ಕುಟ್ಟಿದರೆ ಸಾಲದು, ಬೀಸಲೂಬೇಕು

ಹಿಮ ಬಿದ್ದು ಸೈಕಲ್ಲು ಮೂಲೆ ಸೇರಿದ ಮೇಲೆ ಟಿ.ವಿ. ಮುಂದೆ ಬೆವರು ಸುರಿಸುವ ಕಾಲ ಶುರು. ಮೂರು ತಿಂಗಳು ಮನೆಯೊಳಗೇ ನೆಗೆದು, ಕುಪ್ಪಳಿಸಿ, ಬಸ್ಕಿ ಹೊಡೆದವನು ವಸಂತ ಬಂದಾಗ ಸೈಕಲ್ಲೇರಿ ಗುಡ್ಡ ಹತ್ತಬಲ್ಲನೇ? ಉಸಿರನ್ನು ಕೇಳಿದರೆ ಹೌದು ಎನ್ನುತ್ತದೆ. ತೊಡೆಯನ್ನು ಕೇಳಿದರೆ ಇಲ್ಲ ಎನ್ನುತ್ತದೆ. ಎರಡೂ ಸುಳ್ಳು ಹೇಳುತ್ತಿಲ್ಲ!

ಜನವರಿಯ ಬೆಳಗಿನ ಆರು ಗಂಟೆ. ಹೊರಗೆ ಮೈನಸ್ 14. ಕೆನಡಾದ ಒಂಟಾರಿಯೊ ಪ್ರಾಂತ್ಯದ ಹ್ಯಾಮಿಲ್ಟನ್ ಊರಿನ ಒಂದು ಮನೆಯ ನೆಲಮಾಳಿಗೆ. ಕಿಟಕಿಯ ಅರ್ಧದವರೆಗೆ ಹಿಮ ಪೇರಿಕೊಂಡಿದೆ. ಒಳಗೆ ಬನಿಯನ್ ತೊಟ್ಟ ಒಬ್ಬ ಆಸಾಮಿ, ಪರದೆಯ ಮೇಲಿನ ತರಬೇತುದಾರ ಅರಚಿದಂತೆಲ್ಲ ನೆಲಕ್ಕೆ ಬೀಳುತ್ತಾನೆ, ಏಳುತ್ತಾನೆ, ಗಾಳಿಯಲ್ಲಿ ನೆಗೆಯುತ್ತಾನೆ. ಇದಕ್ಕೆ ಬರ್ಪಿ ಎಂದು ಹೆಸರು. ಹತ್ತನೆಯದಕ್ಕೆ ಹೆಸರು ಮರೆಯುತ್ತದೆ, ಇಪ್ಪತ್ತನೆಯದಕ್ಕೆ ಊರು.

ಆ ಆಸಾಮಿ ನಾನೇ.

ಮಹಡಿಯ ಮೆಟ್ಟಿಲಿನಿಂದ ಮನೆಯೊಡತಿಯ ದನಿ ಬಂತು. ತಿಪಟೂರು ಕಡೆಯವರು, ನಲವತ್ತು ವರ್ಷ ಕೆನಡಾದಲ್ಲಿದ್ದರೂ ಮಾತಿನ ಸೊಗಡು ಬಿಟ್ಟವರಲ್ಲ. “ಏನೋ ಅದು, ಬೆಳಗಾಗೆದ್ದು ದಬದಬ ಅಂತ? ಕೆಳಗಡೆ ಅವಲಕ್ಕಿ ಕುಟ್ತಾ ಇದೀಯೇನೋ?”

“ಇಲ್ಲಮ್ಮಾ, ಸೈಕಲ್ಲಿಗೆ ತಯಾರಿ” ಎಂದೆ.

“ಸೈಕಲ್ಲು ಅಲ್ಲಿ ಗೋಡೆಗೆ ಒರಗಿ ನಿದ್ದೆ ಮಾಡ್ತಿದೆ. ನೀನಿಲ್ಲಿ ನೆಗೀತಿದೀಯ. ಇದ್ಯಾವ ತಯಾರಿನೋ!”

ನಗುತ್ತಲೇ ಹೇಳಿದ್ದರು. ಆದರೆ ವ್ಯಾಯಾಮ ವಿಜ್ಞಾನ ಐವತ್ತು ವರ್ಷದಿಂದ ತಡಕಾಡುತ್ತಿರುವ ಪ್ರಶ್ನೆಯನ್ನೇ ಅವರು ಮೆಟ್ಟಿಲ ಮೇಲೆ ನಿಂತು ಕೇಳಿಬಿಟ್ಟಿದ್ದರು.

ಏರು ಕೊಟ್ಟ ಅಂಕಪಟ್ಟಿ

ಹ್ಯಾಮಿಲ್ಟನ್ ಊರನ್ನು ನಯಾಗರದ ಬಂಡೆಸಾಲು ಎರಡಾಗಿ ಸೀಳಿದೆ. ಜಗತ್ಪ್ರಸಿದ್ಧ ಜಲಪಾತ ಧುಮುಕುವುದೂ ಇದೇ ಬಂಡೆಸಾಲಿನಿಂದ. ನಮ್ಮೂರಲ್ಲಿ ಅದರ ಎತ್ತರ ಸುಮಾರು 100 ಮೀಟರ್. ಪಶ್ಚಿಮಘಟ್ಟ ಕಂಡವರಿಗೆ ಅದು ದಿಣ್ಣೆ. ಹ್ಯಾಮಿಲ್ಟನ್ನಿಗರು ಮಾತ್ರ ಗಂಭೀರವಾಗಿ ‘ಮೌಂಟನ್’ ಎನ್ನುತ್ತಾರೆ. 2003ರಲ್ಲಿ ವಿಶ್ವ ರಸ್ತೆ ಸೈಕ್ಲಿಂಗ್ ಚಾಂಪಿಯನ್‌ಷಿಪ್ ನಡೆದದ್ದು ಈ ಊರಿನಲ್ಲೇ. ಹಾಗಾಗಿ ಇಲ್ಲಿನ ಏರುಗಳಿಗೆ ಸ್ವಲ್ಪ ಜಂಬವೂ ಇದೆ.

ಚಳಿಗಾಲದಲ್ಲಿ ಆ ರಸ್ತೆಗಳಿಗೆ ಉಪ್ಪು ಸುರಿಯುತ್ತಾರೆ. ಹಿಮ ಕರಗುತ್ತದೆ, ಅದರ ಜೊತೆಗೆ ಸೈಕಲ್ಲಿನ ಚೈನೂ ತುಕ್ಕು ಹಿಡಿದು ಕರಗುತ್ತದೆ. ಎರಡು ಸಲ ಜಾರಿ ಬಿದ್ದ ಮೇಲೆ ನಾನು ಸೈಕಲ್ಲನ್ನು ಒಳಗಿಟ್ಟು, ಅರವತ್ತು ದಿನದ ಮನೆ ವ್ಯಾಯಾಮದ ಒಂದು ಪ್ಯಾಕೇಜಿಗೆ ಶರಣಾದೆ. ಒಂದು ದಿನವೂ ತಪ್ಪಿಸಲಿಲ್ಲ. ಸೊಂಟದ ಪಟ್ಟಿ ಎರಡು ತೂತು ಒಳಗೆ ಬಂತು. ಮೆಟ್ಟಿಲು ಹತ್ತಿದರೆ ಏದುಸಿರಿಲ್ಲ.

ಏಪ್ರಿಲ್ ಮೊದಲ ಭಾನುವಾರ ಗೆಳೆಯರ ಗುಂಪಿನೊಡನೆ ಬೆಕೆಟ್ ಡ್ರೈವ್ ಏರಿಗೆ ಹೊರಟೆ. ಅರ್ಧ ದಾರಿಗೆ ವಿಚಿತ್ರ ನಡೆಯಿತು. ಉಸಿರು ಸಲೀಸಾಗಿತ್ತು, ಬೇಕಿದ್ದರೆ ಹಾಡಬಹುದಿತ್ತು. ತೊಡೆ ಮಾತ್ರ ಹಸಿ ಸಿಮೆಂಟಿನಂತೆ ಗಟ್ಟಿಯಾಗುತ್ತ ಬಂತು. ಚಳಿಗಾಲವಿಡೀ ಗ್ಯಾರೇಜಿನಲ್ಲಿ ಸೈಕಲ್ಲನ್ನು ನಿಂತಲ್ಲೇ ತುಳಿಸುವ ‘ಟ್ರೇನರ್’ ಎಂಬ ಯಂತ್ರಕ್ಕೆ ಸಿಕ್ಕಿಸಿ ತುಳಿದಿದ್ದ, ನನಗಿಂತ ಹದಿನೈದು ವರ್ಷ ಹಿರಿಯರೊಬ್ಬರು ನನ್ನನ್ನು ದಾಟುತ್ತ “ಚಳಿ ಹೇಗಿತ್ತು?” ಎಂದು ವಿಚಾರಿಸಿ ಮುಂದೆ ಹೋದರು.

ಅರವತ್ತು ದಿನದ ಬೆವರು ವ್ಯರ್ಥವಾಯಿತೇ? ಇಲ್ಲ. ಹಾಗಾದರೆ ಅದು ಹೋದದ್ದೆಲ್ಲಿಗೆ?

ಸುಮ್ಮನೆ ಕೂತರೆ ಎಷ್ಟು ನಷ್ಟ?

ಮೊದಲು ಸೋಮಾರಿಯ ಲೆಕ್ಕ ನೋಡೋಣ. ದೇಹ ಒಂದು ನಿಮಿಷದಲ್ಲಿ ಹೆಚ್ಚೆಂದರೆ ಎಷ್ಟು ಆಮ್ಲಜನಕ ಬಳಸಬಲ್ಲದು ಎಂಬ ಅಳತೆಗೆ ‘ವಿಒ2 ಮ್ಯಾಕ್ಸ್’ ಎನ್ನುತ್ತಾರೆ. ಸೈಕಲ್ ಸವಾರರ ಪಾಲಿಗೆ ಅದು ಎಂಜಿನ್ನಿನ ಸಿ.ಸಿ. ಇದ್ದ ಹಾಗೆ.

ಅಮೆರಿಕದ ಎಡ್ವರ್ಡ್ ಕಾಯ್ಲ್ ಮತ್ತು ಸಂಗಡಿಗರು 1984ರಲ್ಲಿ, ಚೆನ್ನಾಗಿ ಪಳಗಿದ ಏಳು ಮಂದಿಗೆ ತರಬೇತಿ ಪೂರ್ತಿ ನಿಲ್ಲಿಸಲು ಹೇಳಿ ಅಳೆದು ನೋಡಿದರು. ಮೊದಲ ಮೂರು ವಾರದಲ್ಲೇ ಈ ಅಳತೆ ಶೇ 7ರಷ್ಟು ಬಿತ್ತು. 56 ದಿನಗಳ ಹೊತ್ತಿಗೆ ಶೇ 16ರಷ್ಟು ಕುಸಿದು ಅಲ್ಲಿ ನಿಂತಿತು. ಹೃದಯ ಒಂದು ಬಡಿತಕ್ಕೆ ತಳ್ಳುವ ರಕ್ತ ಮೊದಲು ಕಡಿಮೆಯಾಗುತ್ತದೆ. ಸ್ನಾಯುವಿನೊಳಗಿನ ಆಮ್ಲಜನಕ ಬಳಸುವ ಸಾಮರ್ಥ್ಯ ಆಮೇಲೆ, ನಿಧಾನವಾಗಿ ಸವೆಯುತ್ತದೆ.

ಕೆನಡಾದ ಚಳಿಗಾಲಕ್ಕೆ 56 ದಿನ ಯಾವ ಲೆಕ್ಕ? ನವೆಂಬರಿನಲ್ಲಿ ಒಳಗೆ ಹೋದ ಸೈಕಲ್ಲು ಹೊರಬರುವುದು ಮಾರ್ಚ್ ಕೊನೆಗೆ. ಅಂದಮೇಲೆ ಏನನ್ನಾದರೂ ಮಾಡುವುದು ಸುಮ್ಮನೆ ಕೂರುವುದಕ್ಕಿಂತ ಮೇಲು, ಇದರಲ್ಲಿ ತಕರಾರಿಲ್ಲ. ತಕರಾರಿರುವುದು ಆ ‘ಏನನ್ನಾದರೂ’ ಎಂಬುದರಲ್ಲಿ.

ವಾಯುಪಡೆಯ ಹನ್ನೊಂದು ನಿಮಿಷ

ಮನೆ ವ್ಯಾಯಾಮದ ಪ್ಯಾಕೇಜು ಇಂಟರ್‌ನೆಟ್ ಕಾಲದ ಕೂಸು ಎಂದುಕೊಂಡಿದ್ದರೆ ಅದು ತಪ್ಪು. 1950ರ ದಶಕದ ಕೊನೆಯಲ್ಲಿ ರಾಯಲ್ ಕೆನಡಿಯನ್ ಏರ್‌ಫೋರ್ಸಿಗೆ ಒಂದು ತಲೆನೋವಿತ್ತು. ಉತ್ತರದ ಹಿಮದೂರುಗಳ ನೆಲೆಗಳಲ್ಲಿ ಜಿಮ್ ಇಲ್ಲ, ಮೈದಾನವಿಲ್ಲ, ಸಿಬ್ಬಂದಿಯ ಮೈ ಮಾತ್ರ ಬೆಳೆಯುತ್ತಿತ್ತು. ಬಿಲ್ ಓರ್ಬನ್ ಎಂಬ ತಜ್ಞ ಒಂದು ಪುಟ್ಟ ಕೈಪಿಡಿ ಬರೆದರು. ಹೆಸರು ‘5ಬಿಎಕ್ಸ್’. ಐದು ವ್ಯಾಯಾಮ, ಹನ್ನೊಂದು ನಿಮಿಷ, ಸಲಕರಣೆ ಸೊನ್ನೆ. ಆ ಹನ್ನೊಂದರಲ್ಲಿ ಆರು ನಿಮಿಷ ನಿಂತಲ್ಲೇ ಓಟ!

ದೀರ್ಘ ವ್ಯಾಯಾಮಕ್ಕಿಂತ ಚುರುಕಿನ ವ್ಯಾಯಾಮ ಮುಖ್ಯ ಎಂಬುದು ಓರ್ಬನ್ ಹಿಡಿದ ದಾರಿ. ಪುಸ್ತಕ ಸೇನೆಯ ಬೇಲಿ ಹಾರಿ ಜಗತ್ತಿನ ಮನೆಮನೆಗೆ ಹೋಯಿತು.

ಅರವತ್ತು ವರ್ಷಗಳ ನಂತರ ಇದೇ ಕೈಪಿಡಿಯ ಧೂಳು ಕೊಡವಿದ್ದು ನಮ್ಮ ಹ್ಯಾಮಿಲ್ಟನ್ನಿನ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯ. ಅಲ್ಲಿನ ಮಾರ್ಟಿನ್ ಗಿಬಾಲ, ಕಡಿಮೆ ಹೊತ್ತಿನ ಜೋರು ವ್ಯಾಯಾಮದ ಸಂಶೋಧನೆಗೆ ಹೆಸರಾದವರು. 2021ರಲ್ಲಿ ಅವರ ತಂಡ ವ್ಯಾಯಾಮದ ಅಭ್ಯಾಸವಿಲ್ಲದ ಯುವಜನರಿಗೆ ಹನ್ನೊಂದು ನಿಮಿಷದ ಪಾಠ ಕೊಟ್ಟಿತು: ಬರ್ಪಿ, ಮೊಣಕಾಲು ಎತ್ತಿ ಓಟ, ನೆಗೆಯುವ ಬಸ್ಕಿ, ನಡುನಡುವೆ ನಡಿಗೆ. ವಾರಕ್ಕೆ ಮೂರು ದಿನ, ಆರು ವಾರ.

ಫಲಿತಾಂಶ? ಆಮ್ಲಜನಕ ಬಳಸುವ ಸಾಮರ್ಥ್ಯ ಸುಮಾರು ಶೇ 7ರಷ್ಟು ಏರಿತು. ಪರೀಕ್ಷೆಯ ಸೈಕಲ್ಲಿನ ಮೇಲೆ ಅವರು ಹೊಮ್ಮಿಸಿದ ಶಕ್ತಿಯೂ ಹೆಚ್ಚಿತು.

ನೆಗೆದದ್ದು ನೆಲದ ಮೇಲೆ, ಫಲ ಸಿಕ್ಕಿದ್ದು ಪೆಡಲಿನ ಮೇಲೆ. ಮನೆ ವ್ಯಾಯಾಮದ ಪರ ವಕೀಲರಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಆದರೆ ಪಾಟೀ ಸವಾಲು ಒಂದೇ ಒಂದು: ಆ ಯುವಜನರು ಮೊದಲೇ ಸೈಕಲ್ ತುಳಿಯುತ್ತಿದ್ದವರೇ? ಅಲ್ಲ. ಒಣಗಿದ ಹೊಲಕ್ಕೆ ಯಾವ ನೀರು ಬಿಟ್ಟರೂ ಹಸಿರು ಕಾಣುತ್ತದೆ. ನೀರಾವರಿ ಗದ್ದೆಯ ಕತೆ ಬೇರೆ.

■ ಬಾಕ್ಸ್: ಟಬಾಟ ಹುಟ್ಟಿದ್ದು ಸೈಕಲ್ ಮೇಲೆ!

20 ಸೆಕೆಂಡು ಜೋರು, 10 ಸೆಕೆಂಡು ವಿಶ್ರಾಂತಿ. ‘ಟಬಾಟ’ ಎಂಬ ಹೆಸರಿನ ಈ ನಾಲ್ಕು ನಿಮಿಷದ ಪಾಠ ಇಂದು ಪ್ರತಿ ವ್ಯಾಯಾಮದ ವಿಡಿಯೊದಲ್ಲೂ ಇದೆ. ಅಲ್ಲಿ ಬಸ್ಕಿ, ದಂಡ, ಬರ್ಪಿ ಮಾಡಿಸುತ್ತಾರೆ.

ಜಪಾನಿನ ವಿಜ್ಞಾನಿ ಇಝುಮಿ ಟಬಾಟ 1996ರಲ್ಲಿ ಪ್ರಕಟಿಸಿದ ಮೂಲ ಪ್ರಯೋಗ ನಡೆದದ್ದು ನಿಂತಲ್ಲೇ ತುಳಿಯುವ ಸೈಕಲ್ಲಿನ ಮೇಲೆ. ಅದರ ಬೀಜ ಹಾಕಿದವರು ಜಪಾನಿನ ಸ್ಪೀಡ್ ಸ್ಕೇಟಿಂಗ್ ತಂಡದ ಕೋಚ್ ಕೊಯಿಚಿ ಇರಿಸಾವ. ಆರು ವಾರದಲ್ಲಿ ವಿಒ2 ಮ್ಯಾಕ್ಸ್ ಕೆ.ಜಿ. ತೂಕಕ್ಕೆ 7 ಮಿಲಿ ಲೀಟರ್ ಏರಿತು, ಆಮ್ಲಜನಕ ಸಾಲದೆ ಹೋದಾಗಲೂ ದುಡಿಯುವ ತಾಕತ್ತು ಶೇ 28ರಷ್ಟು. ಅಂದಹಾಗೆ, ಎಂಟನೆಯ ಸುತ್ತಿಗೆ ಕಾಲು ಸೋತು ನಿಲ್ಲುವಷ್ಟು ಜೋರು ಅದು. ನಡುವೆ ಮೊಬೈಲ್ ನೋಡಲು ಆದರೆ ಅದು ಟಬಾಟ ಅಲ್ಲ!

ಒಂದು ಕಾಲು ಕಲಿತದ್ದು ಇನ್ನೊಂದಕ್ಕೆ ಬರಲಿಲ್ಲ

ನನ್ನ ತೊಡೆಯ ಒಗಟಿಗೆ ಉತ್ತರ 1976ರ ಒಂದು ಪ್ರಯೋಗದಲ್ಲಿದೆ. ಸ್ವೀಡನ್ನಿನ ಬೆಂಗ್ಟ್ ಸಾಲ್ಟಿನ್ ಮತ್ತು ಸಂಗಡಿಗರಿಗೆ ಚತುರ ಯೋಚನೆಯೊಂದು ಹೊಳೆಯಿತು. ಇಬ್ಬರನ್ನು ಹೋಲಿಸುವ ಬದಲು ಒಬ್ಬನ ಎರಡು ಕಾಲುಗಳನ್ನೇ ಹೋಲಿಸಿದರೆ ಹೇಗೆ? ಒಂದೇ ಕಾಲಿನಲ್ಲಿ ಪೆಡಲ್ ತುಳಿಸಿ ನಾಲ್ಕು ವಾರ ತರಬೇತಿ ಕೊಟ್ಟರು.

ಎರಡೂ ಕಾಲಿಗೆ ಹೃದಯ ಒಂದೇ, ರಕ್ತ ಒಂದೇ, ಊಟ ಒಂದೇ. ಆದರೂ ಆಮ್ಲಜನಕ ಬಳಸುವ ಕಿಣ್ವಗಳು ಹೆಚ್ಚಿದ್ದು ತುಳಿದ ಕಾಲಿನ ಸ್ನಾಯುವಿನಲ್ಲಿ. ತುಳಿಯದೆ ಪಕ್ಕದಲ್ಲಿದ್ದ ಕಾಲಿಗೆ ಆ ಲಾಭ ಸಿಗಲಿಲ್ಲ. ಅಣ್ಣ ಓದಿದರೆ ತಮ್ಮ ಪಾಸಾಗುವುದುಂಟೇ?

ಫಿಟ್‌ನೆಸ್ ಎಂದು ನಾವು ಒಂದೇ ಪದದಲ್ಲಿ ಕರೆಯುವುದು ನಿಜಕ್ಕೂ ಎರಡು ಖಾತೆ. ಒಂದು ಕೇಂದ್ರದ್ದು: ಹೃದಯ, ಶ್ವಾಸಕೋಶ, ರಕ್ತ. ಇನ್ನೊಂದು ಆಯಾ ಸ್ನಾಯುವಿನದು. ಕೇಂದ್ರದ ಬೊಕ್ಕಸಕ್ಕೆ ಯಾವ ವ್ಯಾಯಾಮದಿಂದಾದರೂ ಕಂದಾಯ ಬರುತ್ತದೆ. ಸ್ನಾಯು ಮಾತ್ರ ತಾನು ದುಡಿದದ್ದಷ್ಟನ್ನೇ ಉಳಿಸಿಕೊಳ್ಳುತ್ತದೆ.

ಇನ್ನೊಂದು ಸಣ್ಣ ಗಣಿತ. ನಿಮಿಷಕ್ಕೆ 90 ಸುತ್ತಿನಂತೆ ಒಂದು ಗಂಟೆ ತುಳಿದರೆ ಒಂದೊಂದು ಕಾಲೂ 5,400 ಸಲ ಪೆಡಲ್ ಒತ್ತುತ್ತದೆ. ಬೆವರಿಳಿಸುವ ವಿಡಿಯೊದಲ್ಲಿ ಬಸ್ಕಿಯ ಲೆಕ್ಕ ಇನ್ನೂರು ದಾಟಿದರೆ ದೊಡ್ಡದು. ಅದೂ ಅಲ್ಲದೆ, ನೆಗೆದವನು ನೆಲಕ್ಕೆ ಇಳಿಯುವಾಗ ಸ್ನಾಯು ಹಿಗ್ಗುತ್ತಲೇ ಭಾರ ತಡೆಯಬೇಕು. ಮರುದಿನ ಕೂರಲು ಏಳಲು ಆಗದಂಥ ಮೈಕೈ ನೋವು ಬರುವುದು ಇದರಿಂದಲೇ. ಪೆಡಲಿನಲ್ಲಿ ಇಳಿಯುವ ಹೊಡೆತವೇ ಇಲ್ಲ, ಒತ್ತುವುದಷ್ಟೇ. ನಾನು ಅರವತ್ತು ದಿನ ಕಷ್ಟಪಟ್ಟು ಕಲಿತದ್ದು ಚೆನ್ನಾಗಿ ನೆಲಕ್ಕಿಳಿಯುವ ವಿದ್ಯೆಯನ್ನು!

ತಿಪಟೂರಿನ ಅಮ್ಮ ಹೇಳಿದ್ದು ನೆನಪಾಯಿತು. ಕುಟ್ಟುವುದೂ ಬೀಸುವುದೂ ರಟ್ಟೆಯ ಕೆಲಸವೇ. ಆದರೆ ಒನಕೆ ಹಿಡಿದ ಕೈಗೆ ಬೀಸುಕಲ್ಲಿನ ಗೂಟ ಹೊಸದು. ಬರ್ಪಿ ಕುಟ್ಟುವ ಕೆಲಸ, ಪೆಡಲ್ ಬೀಸುವ ಕೆಲಸ.

ಗ್ಯಾರೇಜಿನಿಂದ ರೂಬೇಗೆ

ಹಾಗಾದರೆ ಬೀಸುಕಲ್ಲನ್ನೇ ಮನೆಯೊಳಗೆ ತಂದರೆ? 2016ರ ಫೆಬ್ರುವರಿ 27ರಂದು ಬೆಲ್ಜಿಯಂನ ರೇಸೊಂದರಲ್ಲಿ ಆಸ್ಟ್ರೇಲಿಯದ ಮ್ಯಾಥ್ಯೂ ಹೇಮನ್ ಬಿದ್ದು ಕೈಮೂಳೆ ಮುರಿದುಕೊಂಡರು. ವಯಸ್ಸು 37. ಅವರು ಜೀವಮಾನವಿಡೀ ಬೆನ್ನುಹತ್ತಿದ್ದ ಪ್ಯಾರಿಸ್–ರೂಬೇ ರೇಸಿಗೆ ಉಳಿದದ್ದು ಆರೇ ವಾರ.

ಕೈ ಕಟ್ಟಿಕೊಂಡು ರಸ್ತೆಗಿಳಿಯುವಂತಿರಲಿಲ್ಲ. ಗ್ಯಾರೇಜಿನಲ್ಲಿ ಸೈಕಲ್ಲನ್ನು ಟ್ರೇನರಿಗೆ ಸಿಕ್ಕಿಸಿ, ಪರದೆಯ ಮೇಲೆ ‘ಜ್ವಿಫ್ಟ್’ ಎಂಬ ಆಟದಂಥ ತಂತ್ರಾಂಶ ಹಾಕಿಕೊಂಡು ತುಳಿದರು. ತಂತ್ರಾಂಶದೊಳಗಿನ ದ್ವೀಪದ ರಸ್ತೆಗಳಲ್ಲಿ, ಎಲ್ಲೆಲ್ಲಿಯೋ ಕೂತು ತುಳಿಯುತ್ತಿದ್ದ ಅಪರಿಚಿತರ ನಡುವೆ ಅವರ ಬೊಂಬೆ ಓಡುತ್ತಿತ್ತು.

ಏಪ್ರಿಲ್ 10. ಹಲ್ಲು ಅಲುಗಿಸುವ ಕಲ್ಲುಹಾಸಿನ ದಾರಿಗಳನ್ನು ಹಾದು 250ಕ್ಕೂ ಹೆಚ್ಚು ಕಿಲೊಮೀಟರ್ ಕ್ರಮಿಸಿ, ರೂಬೇ ವೆಲೊಡ್ರೋಮ್ ಎಂಬ ಸೈಕಲ್ ಅಂಗಳದ ಕೊನೆಯ ಸುತ್ತಿನಲ್ಲಿ ನಾಲ್ಕು ಬಾರಿಯ ವಿಜೇತ ಟಾಮ್ ಬೂನೆನ್‌ರನ್ನು ಹಿಂದೆ ಹಾಕಿದ್ದು ಇದೇ ಹೇಮನ್. ಅದು ಅವರ ಹದಿನೈದನೇ ಪ್ರಯತ್ನ. ಗೆರೆ ದಾಟಿದಾಗ ಅವರ ಮುಖದಲ್ಲಿ ಸಂತೋಷಕ್ಕಿಂತ ನಂಬಲಾಗದ ಬೆರಗಿತ್ತು.

ಹೇಮನ್ ಮನೆಯೊಳಗೇ ಇದ್ದರು, ನಿಜ. ಆದರೆ ತುಳಿದದ್ದು ಪೆಡಲ್. ‘ಮನೆ ವ್ಯಾಯಾಮ’ ಎಂಬ ಮಾತಿನಲ್ಲಿ ಗೊಂದಲವಿರುವುದು ಇಲ್ಲೇ. ಎಲ್ಲಿ ಮಾಡಿದಿರಿ ಎಂಬುದು ಮುಖ್ಯವಲ್ಲ, ಏನು ಮಾಡಿದಿರಿ ಎಂಬುದು ಮುಖ್ಯ.

■ ಬಾಕ್ಸ್: ದೋಣಿಯಿಂದ ಸೈಕಲ್ಲಿಗೆ

ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ಮನೆಯೊಳಗಿನ ಸೈಕ್ಲಿಂಗಿಗೆ ಮೊದಲ ವಿಶ್ವ ಚಾಂಪಿಯನ್‌ಷಿಪ್ ನಡೆಸಿದ್ದು 2020ರ ಡಿಸೆಂಬರಿನಲ್ಲಿ. ಪುರುಷರ ವಿಭಾಗದಲ್ಲಿ ಗೆದ್ದವರು ಜರ್ಮನಿಯ ಜೇಸನ್ ಓಸ್ಬೋರ್ನ್. ವೃತ್ತಿಯಿಂದ ಅವರು ದೋಣಿ ಹುಟ್ಟು ಹಾಕುವ ರೋಯಿಂಗ್ ಪಟು! ಮರುವರ್ಷ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ರೋಯಿಂಗ್ ಬೆಳ್ಳಿ ಗೆದ್ದರು, ಆಮೇಲೆ ವೃತ್ತಿಪರ ಸೈಕ್ಲಿಂಗ್ ತಂಡ ಸೇರಿದರು. ಬೇರೆ ಆಟದಲ್ಲಿ ಬೆಳೆಸಿದ ದೊಡ್ಡ ಎಂಜಿನ್ ಸೈಕಲ್ಲಿಗೂ ಒದಗುತ್ತದೆ, ಆದರೆ ಪೆಡಲ್ ತುಳಿದು ಅದನ್ನು ಪಳಗಿಸಿದವರಿಗೆ.

ಬಸ್ಕಿಯ ಬೆನ್ನಿಗೆ ಅಕ್ಕಿಮೂಟೆ

ಇಷ್ಟಾದರೂ ನೆಲದ ವ್ಯಾಯಾಮವನ್ನು ಕಸದ ಬುಟ್ಟಿಗೆ ಹಾಕಬೇಡಿ. ಅದು ಸೈಕಲ್ಲಿಗೆ ಕೊಡಬಲ್ಲ ನಿಜವಾದ ಕಾಣಿಕೆ ಬೇರೊಂದಿದೆ, ಅದು ಬಲ.

ನಾರ್ವೆಯ ಲಿಲೆಹಾಮರ್‌ನಲ್ಲಿ ಬೆಂಟ್ ರೊನ್ನೆಸ್ಟಾಡ್ ವರ್ಷಗಟ್ಟಲೆ ಇದನ್ನೇ ಅಗೆದಿದ್ದಾರೆ. ಒಂದು ಪ್ರಯೋಗದಲ್ಲಿ ಪಳಗಿದ ಸವಾರರು ಎಂದಿನ ತುಳಿತದ ಜೊತೆಗೆ ಹನ್ನೆರಡು ವಾರ ಭಾರ ಎತ್ತಿದರು. ಅರ್ಧ ಬಸ್ಕಿ, ಒಂಟಿ ಕಾಲಿನಲ್ಲಿ ಭಾರ ಒತ್ತುವುದು, ಮಂಡಿ ಮೇಲೆತ್ತುವುದು, ಹಿಮ್ಮಡಿ ಎತ್ತುವುದು, ಇಷ್ಟೇ. ಆಮೇಲೆ 185 ನಿಮಿಷ ಸಾಧಾರಣ ವೇಗದಲ್ಲಿ ತುಳಿಸಿ, ದಣಿದ ಕಾಲಿನಲ್ಲೇ ಐದು ನಿಮಿಷ ಪ್ರಾಣ ಬಿಟ್ಟು ತುಳಿಯಿರಿ ಎಂದರು. ಭಾರ ಎತ್ತಿದವರ ಶಕ್ತಿ ಶೇ 7ರಷ್ಟು ಹೆಚ್ಚಿತ್ತು. ಬರೀ ಸೈಕಲ್ ತುಳಿದವರಲ್ಲಿ ಆ ಏರಿಕೆ ಕಾಣಲಿಲ್ಲ.

ಗುಟ್ಟಿರುವುದು ಭಾರದಲ್ಲಿ. ಅವರು ಎತ್ತಿದ್ದು ನಾಲ್ಕರಿಂದ ಹತ್ತು ಸಲಕ್ಕೆ ಕಾಲು ಕೈಕೊಡುವಷ್ಟು ತೂಕ. ಗರಡಿಯ ಉಸ್ತಾದರು ನೂರಾರು ಬಸ್ಕಿ ಹೊಡೆಸುತ್ತಿದ್ದರು, ಸರಿ. ಅದು ದಮ್ಮು ಬೆಳೆಸುತ್ತದೆ. ಐವತ್ತು ಬಸ್ಕಿ ಸಲೀಸಾಗಿ ಹೊಡೆಯುವವನಿಗೆ ಐವತ್ತೊಂದನೆಯದು ಬಲ ಕೊಡದು. ವಿಡಿಯೊದ ತರಬೇತುದಾರ “ಇನ್ನೂ ಹತ್ತು!” ಎನ್ನುತ್ತಾನೆ. ಸೈಕಲ್ಲಿನವನಿಗೆ ಬೇಕಾದದ್ದು “ಇನ್ನೂ ಹತ್ತು ಕಿಲೊ!”

ಜಿಮ್ ಬೇಕೆಂದೇನೂ ಇಲ್ಲ. ಕೆನಡಾದ ಕನ್ನಡಿಗರ ಅಡುಗೆಮನೆಯಲ್ಲಿ ಸೋನಾ ಮಸೂರಿಯ 20 ಪೌಂಡಿನ ಮೂಟೆ ಇದ್ದೇ ಇರುತ್ತದೆ. ಅದನ್ನು ಬೆನ್ನಚೀಲಕ್ಕೆ ತುಂಬಿ, ಹಿಂದಿನ ಕಾಲನ್ನು ಕುರ್ಚಿಯ ಮೇಲಿಟ್ಟು ಒಂಟಿ ಕಾಲಿನಲ್ಲಿ ಕೂತು ಎದ್ದು ನೋಡಿ. ಎಂಟನೆಯ ಸಲಕ್ಕೆ ತೊಡೆ ನಡುಗುತ್ತದೆ. ಮೂಟೆ ಖಾಲಿಯಾಗುತ್ತ ಬಂದಂತೆ ವ್ಯಾಯಾಮ ಹಗುರವಾಗುತ್ತದೆ ಎಂಬುದೊಂದೇ ಕೊರತೆ.

ಉಳಿಸಿಕೊಳ್ಳಲು ಎಷ್ಟು ಸಾಕು?

ಗಳಿಸುವುದು ಕಷ್ಟ, ಉಳಿಸುವುದು ಅಷ್ಟು ಕಷ್ಟವಲ್ಲ. ಷಿಕಾಗೊದ ರಾಬರ್ಟ್ ಹಿಕ್ಸನ್ 1980ರ ದಶಕದಲ್ಲಿ ತೋರಿಸಿದ್ದು ಇದನ್ನೇ. ವಾರಕ್ಕೆ ಆರು ದಿನ, ದಿನಕ್ಕೆ 40 ನಿಮಿಷ ಪಳಗಿದವರನ್ನು ವಾರಕ್ಕೆ ಎರಡೇ ದಿನಕ್ಕೆ ಇಳಿಸಿದರು. 15 ವಾರ ಕಳೆದರೂ ವಿಒ2 ಮ್ಯಾಕ್ಸ್ ಬೀಳಲಿಲ್ಲ. ಇನ್ನೊಂದು ಗುಂಪಿಗೆ ದಿನಗಳನ್ನು ಹಾಗೇ ಬಿಟ್ಟು ಅವಧಿಯನ್ನು 13 ನಿಮಿಷಕ್ಕೆ ಕತ್ತರಿಸಿದರು. ಆಗಲೂ ಬೀಳಲಿಲ್ಲ. ಮೂರನೇ ಸಲ ದಿನ, ಅವಧಿ ಎರಡನ್ನೂ ಹಾಗೇ ಇಟ್ಟು ಜೋರನ್ನು ತಗ್ಗಿಸಿದರು. ಬಿತ್ತು!

ಚಳಿಗಾಲದ ಸವಾರನಿಗೆ ಇದಕ್ಕಿಂತ ಸಿಹಿಸುದ್ದಿ ಇಲ್ಲ. ದಿನ ಕಡಿಮೆಯಾದರೆ ನಡೆಯುತ್ತದೆ, ಹೊತ್ತು ಕಡಿಮೆಯಾದರೂ ನಡೆಯುತ್ತದೆ, ಜೋರು ಮಾತ್ರ ಕಡಿಮೆಯಾಗಬಾರದು. ಮೂರು ಗಂಟೆ ಗೋಡೆ ನೋಡುತ್ತ ತುಳಿಯುವ ಶಿಕ್ಷೆ ಯಾರಿಗೂ ಬೇಡ.

■ ಬಾಕ್ಸ್: ನಮ್ಮ ಚಳಿಗಾಲ ಅಂದರೆ ಮಳೆಗಾಲ

ಬೆಂಗಳೂರಿನ ಸವಾರರಿಗೆ ಡಿಸೆಂಬರ್ ಹಬ್ಬದ ತಿಂಗಳು. ನಂದಿಬೆಟ್ಟದ ದಾರಿಯಲ್ಲಿ ನಸುಕಿಗೇ ಸೈಕಲ್ಲುಗಳ ಸಾಲು. ಕರ್ನಾಟಕದಲ್ಲಿ ಸೈಕಲ್ಲು ಮೂಲೆ ಸೇರುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಅದರಲ್ಲೂ ಮಲೆನಾಡು, ಕೊಡಗು, ಕರಾವಳಿಯಲ್ಲಿ. ಲೆಕ್ಕಾಚಾರ ಅದೇ:

• ವಾರಕ್ಕೆ ಎರಡು ದಿನ ಟ್ರೇನರ್ ಮೇಲೆ ಜೋರು ತುಳಿತ. ಹತ್ತು ನಿಮಿಷ ಮೈ ಬಿಸಿ ಮಾಡಿ, ಮಾತಾಡಲಾಗದಷ್ಟು ಜೋರಿನ ನಾಲ್ಕು ನಿಮಿಷದ ನಾಲ್ಕು ಸುತ್ತು, ನಡುವೆ ಮೂರು ನಿಮಿಷ ಹಗುರ.

• ಎರಡು ದಿನ ಕಾಲಿಗೆ ಭಾರದ ವ್ಯಾಯಾಮ, ಜೊತೆಗೆ ನಡುವಿಗೆ ಬೆನ್ನಿಗೆ ಸ್ವಲ್ಪ.

• ಮಳೆ ಬಿಡುವು ಕೊಟ್ಟ ದಿನ ರಸ್ತೆಗೆ.

• ಟ್ರೇನರ್ ಮುಂದೆ ಫ್ಯಾನ್ ಇರಲೇಬೇಕು. ರಸ್ತೆಯ ಗಾಳಿ ಅಲ್ಲಿಲ್ಲ. ಹ್ಯಾಂಡಲ್ ಮೇಲೊಂದು ಟವೆಲ್ ಹೊದಿಸಿ, ಬೆವರಿನ ಉಪ್ಪು ಬೋಲ್ಟುಗಳನ್ನು ತಿನ್ನುತ್ತದೆ.

• ಟ್ರೇನರ್ ಇಲ್ಲವೇ? ಹನ್ನೊಂದು ನಿಮಿಷದ ನೆಗೆತವೇ ಸರಿ, ದಮ್ಮನ್ನಾದರೂ ಕಾಯುತ್ತದೆ. ಎದೆನೋವು, ಬಿ.ಪಿ. ಇದ್ದವರು ವೈದ್ಯರನ್ನು ಕೇಳದೆ ಜೋರಿಗೆ ಇಳಿಯಬೇಡಿ.

ಮರುವರ್ಷದ ಸದ್ದು

ಮುಂದಿನ ಚಳಿಗಾಲಕ್ಕೆ ಯಾರೋ ಬೇಸತ್ತು ಮಾರಿದ ಹಳೇ ಟ್ರೇನರ್ ಒಂದನ್ನು ಹೊತ್ತು ತಂದೆ. ಹಿಂದಿನ ಚಕ್ರವನ್ನು ಉರುಳೆಗೆ ಒತ್ತಿ ನಿಲ್ಲಿಸುವ ಸರಳ ಯಂತ್ರ. ಮಂಗಳವಾರ, ಶುಕ್ರವಾರ ತುಳಿತ. ಬುಧವಾರ, ಶನಿವಾರ ಅಕ್ಕಿಮೂಟೆ. ಬರ್ಪಿಯನ್ನು ಪೂರ್ತಿ ಬಿಡಲಿಲ್ಲ, ಸೋಮವಾರ ಹನ್ನೊಂದು ನಿಮಿಷ ಅದಕ್ಕೂ ಮೀಸಲು. ಒಟ್ಟು ಹೊತ್ತು ಹಿಂದಿನ ವರ್ಷದ ಅರ್ಧವೂ ಆಗಲಿಲ್ಲ.

ಏಪ್ರಿಲಿನಲ್ಲಿ ಬೆಕೆಟ್ ಡ್ರೈವ್ ಹತ್ತುವಾಗ ಈ ಸಲ ಹಾಡುವಷ್ಟು ಉಸಿರು ಉಳಿಯಲಿಲ್ಲ. ಕಾಲು ಕೇಳಿದಷ್ಟನ್ನೂ ಎದೆ ಕೊಡಬೇಕಾಗಿ ಬಂತು. ಎರಡೂ ಒಟ್ಟಿಗೇ ದಣಿದವು, ಒಟ್ಟಿಗೇ ತುದಿ ಮುಟ್ಟಿದವು. ಆ ಹಿರಿಯರು ಆಗಲೂ ನನಗಿಂತ ಮುಂದೆಯೇ ಇದ್ದರು. ಆದರೆ ಅವರ ಬೆನ್ನು ಕೊನೆಯವರೆಗೂ ಕಣ್ಣಿಗೆ ಕಾಣುತ್ತಿತ್ತು.

ನೆಲಮಾಳಿಗೆಯ ಸದ್ದು ಬದಲಾದದ್ದನ್ನು ಮೊದಲು ಗುರುತಿಸಿದ್ದು ಮಾತ್ರ ನಾನಲ್ಲ. ಜನವರಿಯ ಒಂದು ನಸುಕಿಗೆ ಟ್ರೇನರ್ ಗುರ್ರೆನ್ನುತ್ತಿದ್ದಾಗ ಮೆಟ್ಟಿಲ ಮೇಲಿಂದ ದನಿ ಬಂದಿತ್ತು:

“ಏನೋ, ಈ ವರ್ಷ ಕುಟ್ಟೋದು ಬಿಟ್ಟು ರಾಗಿ ಬೀಸ್ತಾ ಇದೀಯಾ?”

“ಹೂಂ ಅಮ್ಮಾ.”

“ಬೀಸು ಬೀಸು. ಸದ್ದು ಕೇಳಿದ್ರೇ ಗೊತ್ತಾಗುತ್ತೆ, ಹಿಟ್ಟು ಬೀಳ್ತಿದೆ.”